ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುಂಚಿನ ಪರೀಕ್ಷೆಗಳು ಮತ್ತು ತಜ್ಞರ ಫಿಟ್‌ನೆಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಸ್ತ್ರಚಿಕಿತ್ಸೆ ಆಗುವುದು ಹೊಟ್ಟೆಗೆ ತಾನೇ? ಹೃದಯ, ಶ್ವಾಸಕೋಶ, ನಿದ್ರೆ, ಮನಸ್ಸು ಎಲ್ಲವನ್ನೂ ಏಕೆ ಪರೀಕ್ಷಿಸುತ್ತಾರೆ?

ಸ್ಥೂಲಕಾಯ ದೇಹದ ಯಾವ ಅಂಗವನ್ನೂ ಮುಟ್ಟದೆ ಬಿಡುವುದಿಲ್ಲ. ಹಲವು ವರ್ಷಗಳಿಂದ ಹೆಚ್ಚಿನ ತೂಕ ಹೊತ್ತವರ ಹೃದಯ ಹೆಚ್ಚು ದುಡಿದಿರುತ್ತದೆ, ಯಕೃತ್ತಿನಲ್ಲಿ ಕೊಬ್ಬು ತುಂಬಿರುತ್ತದೆ, ನಿದ್ರೆಯಲ್ಲಿ ಉಸಿರಿನ ದಾರಿ ಆಗಾಗ ಮುಚ್ಚಿಕೊಳ್ಳುತ್ತಿರುತ್ತದೆ, ಮತ್ತು ಇವುಗಳಲ್ಲಿ ಬಹಳಷ್ಟು ತೊಂದರೆಗಳು ರೋಗಿಯ ಅರಿವಿಗೆ ಬಂದೇ ಇರುವುದಿಲ್ಲ. ಅರಿವಳಿಕೆ ಕೊಟ್ಟಾಗ, ಲ್ಯಾಪರೋಸ್ಕೋಪಿಗಾಗಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಹೊಟ್ಟೆಗೆ ಅನಿಲ ತುಂಬಿಸಿದಾಗ, ನಂತರದ ದಿನಗಳಲ್ಲಿ ಆಹಾರ ಬಹಳ ಕಡಿಮೆಯಾದಾಗ, ಅಡಗಿದ್ದ ತೊಂದರೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಅವನ್ನು ಮೊದಲೇ ಹುಡುಕಿ ಹತೋಟಿಗೆ ತಂದುಕೊಳ್ಳುವುದಕ್ಕೇ ಈ ಪರೀಕ್ಷೆಗಳಿವೆ.

ಆಸ್ಪತ್ರೆಗಳಲ್ಲಿ ‘ಫಿಟ್‌ನೆಸ್ ತನ್ನಿ’, ಅಂದರೆ ನೀವು ಶಸ್ತ್ರಚಿಕಿತ್ಸೆಗೆ ಸಿದ್ಧರಿದ್ದೀರೆಂಬ ತಜ್ಞರ ಒಪ್ಪಿಗೆ ತನ್ನಿ, ಎಂಬ ಮಾತನ್ನು ನೀವು ಕೇಳಿರುತ್ತೀರಿ. ಆ ಪದದಿಂದಾಗಿ ಅನೇಕರು ಇದನ್ನು ಕಚೇರಿಯಲ್ಲಿ ಮೊಹರು ಹಾಕಿಸಿಕೊಂಡು ಬರುವ ಕೆಲಸವೆಂದು ತಿಳಿಯುತ್ತಾರೆ. ದಯವಿಟ್ಟು ಹಾಗೆ ತಿಳಿಯಬೇಡಿ. ಪ್ರತಿಯೊಂದು ಪರೀಕ್ಷೆಯ ಹಿಂದೆಯೂ ಒಂದು ಪ್ರಶ್ನೆ ಇದೆ, ಮತ್ತು ಆ ಪ್ರಶ್ನೆ ಏನೆಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ. ಉತ್ತರ ಬಂದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂಬುದನ್ನೂ ಕೇಳಿ.

ನಾನು ಈ ಶಸ್ತ್ರಚಿಕಿತ್ಸೆಗೆ ಅರ್ಹನೇ ಎಂಬುದನ್ನು ಯಾವುದರಿಂದ ನಿರ್ಧರಿಸುತ್ತಾರೆ?

ಮೊದಲ ಅಳತೆ ಬಿಎಂಐ, ಅಂದರೆ ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. 165 ಸೆಂಟಿಮೀಟರ್ ಎತ್ತರದ, 105 ಕಿಲೋ ತೂಕದ ವ್ಯಕ್ತಿಯ ಬಿಎಂಐ ಸುಮಾರು 38.6 ಆಗುತ್ತದೆ. 1991ರಿಂದ ಬಹುಕಾಲ ಬಳಕೆಯಲ್ಲಿದ್ದ ಅಮೆರಿಕದ ಮಾನದಂಡದ ಪ್ರಕಾರ ಬಿಎಂಐ 40 ದಾಟಿರಬೇಕಿತ್ತು, ಇಲ್ಲವೇ 35 ದಾಟಿದ್ದು ಜೊತೆಗೆ ಗಂಭೀರ ಕಾಯಿಲೆ ಇರಬೇಕಿತ್ತು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಶಸ್ತ್ರವೈದ್ಯರ ಸಂಘಗಳು ಜಂಟಿಯಾಗಿ ಇದನ್ನು ಪರಿಷ್ಕರಿಸಿ, 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದೆಂದೂ, 30 ದಾಟಿದವರಿಗೆ ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದರೆ ಪರಿಗಣಿಸಬಹುದೆಂದೂ ಹೇಳಿದವು. ಏಷ್ಯಾದವರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬರುವುದರಿಂದ ನಮ್ಮಂಥವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆಂದೂ ಅವು ಸೇರಿಸಿದವು.

ಹಾಗೆಂದು ಸಂಖ್ಯೆಯೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ತೂಕ ಯಾವಾಗಿನಿಂದ ಏರಿತು, ಹಿಂದೆ ಯಾವ ಪಥ್ಯ ಮಾಡಿದಿರಿ, ಎಷ್ಟು ಇಳಿಯಿತು, ಮತ್ತೆ ಏಕೆ ಏರಿತು ಎಂಬ ಕಥೆಯನ್ನು ವೈದ್ಯರು ಕೇಳುತ್ತಾರೆ. ಅದನ್ನು ಸಂಕೋಚವಿಲ್ಲದೆ ಹೇಳಿ.

ರಕ್ತ ಪರೀಕ್ಷೆಗಳ ಪಟ್ಟಿ ಬಹಳ ಉದ್ದವಾಗಿದೆ. ಅದರಲ್ಲಿ ಏನೇನನ್ನು ನೋಡುತ್ತಾರೆ?

ಹಿಮೋಗ್ಲೋಬಿನ್ ಮತ್ತು ರಕ್ತಕಣಗಳ ಎಣಿಕೆ, ಶುಗರ್, ಕೊಲೆಸ್ಟರಾಲ್, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಥೈರಾಯ್ಡ್, ರಕ್ತ ಹೆಪ್ಪುಗಟ್ಟುವ ಅವಧಿ, ರಕ್ತದ ಗುಂಪು, ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆ ಇವು ಸಾಮಾನ್ಯವಾಗಿ ಎಲ್ಲರಿಗೂ ಇರುತ್ತವೆ. ಥೈರಾಯ್ಡ್ ಕೊರತೆ ಕಂಡುಬಂದರೆ ಮೊದಲು ಅದಕ್ಕೆ ಗುಳಿಗೆ ಶುರುಮಾಡುತ್ತಾರೆ. ಮುಖ ಉಬ್ಬಿ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು ಮೂಡಿ, ತೋಳು-ತೊಡೆ ಬಲಗುಂದಿದ್ದರೆ ಕಾರ್ಟಿಸಾಲ್ ಎಂಬ ಹಾರ್ಮೋನಿನ ಪರೀಕ್ಷೆಯನ್ನೂ ಮಾಡಿಸುತ್ತಾರೆ, ಏಕೆಂದರೆ ಅದು ಅತಿಯಾಗಿ ಬರುವ ಕುಶಿಂಗ್ಸ್ ಕಾಯಿಲೆಯಿಂದ ಬಂದ ತೂಕಕ್ಕೆ ಚಿಕಿತ್ಸೆ ಬೇರೆಯೇ ಇದೆ.

ಜನರು ಹಣ ಉಳಿಸಲು ಬಿಟ್ಟುಬಿಡುವುದು ವಿಟಮಿನ್ ಪರೀಕ್ಷೆಗಳನ್ನು. ನನ್ನ ದೃಷ್ಟಿಯಲ್ಲಿ ಪಟ್ಟಿಯಲ್ಲಿ ಬಿಡಲೇಬಾರದವುಗಳಲ್ಲಿ ಅವೂ ಸೇರಿವೆ. ದಪ್ಪಗಿದ್ದವರಿಗೆ ಪೋಷಕಾಂಶದ ಕೊರತೆ ಎಲ್ಲಿಂದ ಬಂದೀತು ಎಂದು ಮನೆಯ ಹಿರಿಯರು ಕೇಳುತ್ತಾರೆ. ಆದರೆ ಹೆಚ್ಚು ಉಂಡವರಿಗೆ ಬೇಕಾದದ್ದೆಲ್ಲ ಸಿಕ್ಕಿರುತ್ತದೆ ಎಂದೇನಿಲ್ಲ. ವಿಟಮಿನ್ ಡಿ ಕೊರತೆ ಸ್ಥೂಲಕಾಯದವರಲ್ಲಿ ಬಹಳ ಸಾಮಾನ್ಯ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುತ್ತದೆ, ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಇನ್ನೂ ಕಡಿಮೆ ಇರಬಹುದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಅಂಶ ತಳ ಕಂಡಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಇವೆಲ್ಲವನ್ನೂ ದೇಹ ಹೀರಿಕೊಳ್ಳುವುದು ಮತ್ತಷ್ಟು ಕುಗ್ಗುವುದರಿಂದ, ಕೊರತೆಯೊಂದಿಗೆ ಒಳಗೆ ಹೋದವರು ಕೆಲವೇ ತಿಂಗಳಲ್ಲಿ ಕೈಕಾಲು ಜೋಮು, ಸುಸ್ತು, ಕೂದಲು ಉದುರುವಿಕೆ ಎಂದು ಮರಳಿ ಬರುತ್ತಾರೆ. ಆದ್ದರಿಂದ ಬಿ12, ಫೋಲೇಟ್, ಫೆರಿಟಿನ್ (ಕಬ್ಬಿಣದ ಸಂಗ್ರಹದ ಅಳತೆ), ವಿಟಮಿನ್ ಡಿ, ಕ್ಯಾಲ್ಸಿಯಂ ಇಷ್ಟನ್ನಾದರೂ ಮಾಡಿಸಿ, ಕೊರತೆ ಇದ್ದರೆ ಮುಂಚೆಯೇ ತುಂಬಿಕೊಳ್ಳಿ.

ನನಗೆ ಸಕ್ಕರೆ ಕಾಯಿಲೆ ಇದೆ. ಎಚ್‌ಬಿಎ1ಸಿ ಎಷ್ಟಿರಬೇಕು?

ಎಚ್‌ಬಿಎ1ಸಿ ಎಂದರೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟವನ್ನು ತೋರಿಸುವ ರಕ್ತ ಪರೀಕ್ಷೆ. ಅದು ಸಾಮಾನ್ಯವಾಗಿ 6.5ರಿಂದ 7ರ ಒಳಗಿದ್ದರೆ ಒಳ್ಳೆಯದೆಂದು ಪರಿಗಣಿಸುತ್ತಾರೆ. ಬಹಳ ವರ್ಷಗಳಿಂದ ಕಾಯಿಲೆ ಇದ್ದು, ಕಣ್ಣು, ಮೂತ್ರಪಿಂಡ ಅಥವಾ ನರಗಳಿಗೆ ತೊಂದರೆಯಾದವರಲ್ಲಿ 7ರಿಂದ 8ರವರೆಗೆ ಒಪ್ಪುವುದುಂಟು. ಅದಕ್ಕಿಂತ ಮೇಲಿದ್ದರೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಮತ್ತು ಶಸ್ತ್ರವೈದ್ಯರು ಕೂಡಿ ನಿರ್ಧರಿಸುತ್ತಾರೆ. ಸಕ್ಕರೆ ಅಂಶ ಹೆಚ್ಚಿದ್ದರೆ ಗಾಯ ಮಾಯುವುದು ತಡವಾಗುತ್ತದೆ, ಸೋಂಕಿನ ಸಾಧ್ಯತೆ ಏರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ನಿಜಕ್ಕಿಂತ ಹೆಚ್ಚಾಗಿ ತೋರಬಹುದು. ನಿಮ್ಮ ಮನೆಯ ಗ್ಲುಕೋಮೀಟರ್ ಲೆಕ್ಕಕ್ಕೂ ವರದಿಗೂ ತಾಳೆಯಾಗದಿದ್ದರೆ ಈ ವಿಷಯವನ್ನು ವೈದ್ಯರ ಗಮನಕ್ಕೆ ತನ್ನಿ.

ಹೊಟ್ಟೆಯ ಸ್ಕ್ಯಾನಿಂಗ್ ಆಗಿದೆ. ಎಂಡೋಸ್ಕೋಪಿಯೂ ಬೇಕೇ? ನನಗೆ ಭಯವಾಗುತ್ತದೆ.

ಎರಡೂ ನೋಡುವುದು ಬೇರೆ ಬೇರೆ ಸಂಗತಿಗಳನ್ನು. ಸ್ಕ್ಯಾನಿಂಗ್ ತೋರಿಸುವುದು ಯಕೃತ್ತಿನ ಕೊಬ್ಬು, ಪಿತ್ತಕೋಶದ ಕಲ್ಲು, ಮೂತ್ರಪಿಂಡ, ಹೆಂಗಸರಲ್ಲಿ ಗರ್ಭಕೋಶ ಮತ್ತು ಅಂಡಾಶಯಗಳನ್ನು. ಪಿತ್ತಕೋಶದ ಕಲ್ಲಿನಿಂದ ಈಗಾಗಲೇ ನೋವು ಬರುತ್ತಿದ್ದರೆ ಅದೇ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತಕೋಶವನ್ನೂ ತೆಗೆಯುವ ಬಗ್ಗೆ ಯೋಚಿಸುತ್ತಾರೆ. ತೂಕ ವೇಗವಾಗಿ ಇಳಿಯುವಾಗ ಹೊಸ ಕಲ್ಲುಗಳು ಹುಟ್ಟುವುದರಿಂದ ಅದನ್ನು ತಡೆಯುವ ಗುಳಿಗೆಯನ್ನು ನಂತರ ಕೆಲವು ತಿಂಗಳು ಕೊಡುವುದೂ ಉಂಟು. ಯಕೃತ್ತು ಗಟ್ಟಿಯಾಗಿರುವ ಸಂಶಯ ಬಂದರೆ ಅದರ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ ಯಕೃತ್ ತಜ್ಞರ ಬಳಿ ಕಳುಹಿಸುತ್ತಾರೆ. ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಮುಂದುವರಿದಿದ್ದರೆ ಶಸ್ತ್ರಚಿಕಿತ್ಸೆಯ ಅಪಾಯವೇ ಬೇರೆ ಮಟ್ಟದ್ದು.

ಎಂಡೋಸ್ಕೋಪಿಯಲ್ಲಿ ಅನ್ನನಾಳ ಮತ್ತು ಜಠರದ ಒಳಗೋಡೆಯನ್ನು ಕಣ್ಣಾರೆ ನೋಡುತ್ತಾರೆ. ಇದರ ಫಲಿತಾಂಶ ಶಸ್ತ್ರಚಿಕಿತ್ಸೆಯ ವಿಧಾನವನ್ನೇ ಬದಲಿಸಬಲ್ಲದು. ಜಠರವನ್ನು ಉದ್ದುದ್ದವಾಗಿ ಕತ್ತರಿಸಿ ಕಿರಿದಾದ ಕೊಳವೆಯಂತೆ ಮಾಡುವ ಸ್ಲೀವ್ ವಿಧಾನದ ನಂತರ ಎದೆಯುರಿ ಮತ್ತು ಹುಳಿತೇಗು ಕೆಲವರಲ್ಲಿ ಹೆಚ್ಚುತ್ತದೆ. ಅನ್ನನಾಳದಲ್ಲಿ ಈಗಾಗಲೇ ತೀವ್ರ ಹುಣ್ಣು ಅಥವಾ ಬ್ಯಾರೆಟ್ಸ್ ಎಂಬ ಬದಲಾವಣೆ ಕಂಡರೆ ಸಾಮಾನ್ಯವಾಗಿ ಜಠರದ ಒಂದು ಸಣ್ಣ ಭಾಗವನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುವ ಬೈಪಾಸ್ ವಿಧಾನದ ಕಡೆಗೆ ಒಲವು ತೋರುತ್ತಾರೆ. ಇನ್ನೊಂದು ಕಡೆ, ಬೈಪಾಸ್ ಆದ ಮೇಲೆ ಜಠರದ ದೊಡ್ಡ ಭಾಗ ಆಹಾರದ ಹಾದಿಯಿಂದ ಹೊರಗುಳಿಯುತ್ತದೆ. ಆ ಭಾಗವನ್ನು ಮುಂದೆ ಸಾಮಾನ್ಯ ಎಂಡೋಸ್ಕೋಪಿಯಿಂದ ತಲುಪುವುದು ಕಷ್ಟ. ಹೀಗಾಗಿ ಅಲ್ಲಿ ಹುಣ್ಣು, ಗಡ್ಡೆ ಏನೂ ಇಲ್ಲವೆಂದು ಮುಂಚೆಯೇ ಖಚಿತಪಡಿಸಿಕೊಳ್ಳಬೇಕು. ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂಬ ಪರೀಕ್ಷೆಯೂ ಆಗಲೇ ಆಗುತ್ತದೆ. ಇದ್ದರೆ ಸಾಮಾನ್ಯವಾಗಿ 14 ದಿನಗಳ ಔಷಧಿ ಕೊಟ್ಟು, ಅದು ಮುಗಿದು ಕನಿಷ್ಠ 4 ವಾರಗಳಾದ ಮೇಲೆ ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ಮತ್ತೆ ನೋಡುತ್ತಾರೆ. ಈ ಕಾರಣಕ್ಕೇ ಎಂಡೋಸ್ಕೋಪಿಯನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಬಾರದು.

ಭಯದ ಬಗ್ಗೆ ಹೇಳುವುದಾದರೆ, ಪರೀಕ್ಷೆ ಕೆಲವೇ ನಿಮಿಷಗಳದ್ದು. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸುತ್ತಾರೆ, ಬೇಕಿದ್ದರೆ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ. ಮಂಪರು ಪಡೆದರೆ ಆ ದಿನ ನೀವೇ ಗಾಡಿ ಓಡಿಸಿಕೊಂಡು ಹೋಗುವಂತಿಲ್ಲ, ಮನೆಯವರೊಬ್ಬರು ಜೊತೆಗಿರಲಿ. ಗೊರಕೆ ಹೊಡೆಯುವವರು ಮಂಪರಿನ ಇಂಜೆಕ್ಷನ್‌ಗೆ ಮುಂಚೆ ಆ ವಿಷಯವನ್ನು ಹೇಳಲೇಬೇಕು.

ಇಸಿಜಿ ಸರಿಯಿದೆ. ಆದರೂ ಹೃದಯ ತಜ್ಞರು ಎಕೋ, ಟಿಎಂಟಿ ಹೇಳುತ್ತಿದ್ದಾರೆ. ಇದು ಅನವಶ್ಯಕವೇ?

ಎಕೋ ಎಂದರೆ ಹೃದಯದ ಸ್ಕ್ಯಾನಿಂಗ್, ಟಿಎಂಟಿ ಎಂದರೆ ಯಂತ್ರದ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ. ಎಲ್ಲರಿಗೂ ಎಲ್ಲ ಪರೀಕ್ಷೆ ಬೇಕಿಲ್ಲ. ವಯಸ್ಸು, ಬಿಪಿ, ಶುಗರ್, ಸಿಗರೇಟು, ಮನೆತನದಲ್ಲಿ ಹೃದಯಾಘಾತದ ಇತಿಹಾಸ, ಏದುಸಿರು, ಕಾಲಿನ ಊತ ಇವುಗಳನ್ನು ನೋಡಿ ತಜ್ಞರು ತೀರ್ಮಾನಿಸುತ್ತಾರೆ. ನಿಲ್ಲದೆ ಎರಡು ಮಹಡಿ ಮೆಟ್ಟಿಲು ಹತ್ತಬಲ್ಲಿರಾ ಎಂಬ ಸರಳ ಪ್ರಶ್ನೆಗೂ ಇಲ್ಲಿ ತೂಕವಿದೆ. ಮೆಟ್ರೋ ನಿಲ್ದಾಣದಲ್ಲಿ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿ ನೋಡಿದರೆ ನಿಮಗೇ ಅಂದಾಜು ಸಿಗುತ್ತದೆ. ಆದರೆ ಎದೆನೋವು ಇರುವವರು ಈ ಪ್ರಯೋಗಕ್ಕೆ ಹೋಗಬಾರದು. ಮಂಡಿನೋವಿನಿಂದ ಟಿಎಂಟಿಯಲ್ಲಿ ನಡೆಯಲಾಗದವರಿಗೆ ಔಷಧಿ ಕೊಟ್ಟು ಹೃದಯದ ವೇಗ ಹೆಚ್ಚಿಸಿ ಎಕೋ ಮಾಡುವ ವಿಧಾನವಿದೆ. ನಡೆಯಲಾಗುವುದಿಲ್ಲವೆಂದು ಹೇಳಲು ನಾಚಿಕೊಳ್ಳಬೇಡಿ.

ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಅಥವಾ ಬೇರೆಲ್ಲಾದರೂ ಈಗಾಗಲೇ ತೋರಿಸಿಕೊಳ್ಳುತ್ತಿರುವವರು ಹಳೆಯ ಆಂಜಿಯೋಗ್ರಾಂ ವರದಿ, ಸ್ಟೆಂಟ್ ಹಾಕಿದ ದಿನಾಂಕ, ಡಿಸ್ಚಾರ್ಜ್ ಸಮರಿ ಇವುಗಳ ಪ್ರತಿಯನ್ನು ತಪ್ಪದೆ ತರಬೇಕು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುಗೊಳಿಸುವ ಗುಳಿಗೆಯನ್ನು ಯಾವಾಗ ನಿಲ್ಲಿಸಬೇಕು, ನಿಲ್ಲಿಸಬಹುದೇ ಎಂಬುದನ್ನು ಹೃದಯ ತಜ್ಞರೇ ಹೇಳಬೇಕು.

ನಿದ್ರೆ ಪರೀಕ್ಷೆ ಎಂದರೇನು? ಗೊರಕೆ ಯಾರಿಗೆ ತಾನೇ ಇಲ್ಲ?

ನಮ್ಮ ಮನೆಗಳಲ್ಲಿ ಗೊರಕೆಯನ್ನು ಒಳ್ಳೆಯ ನಿದ್ರೆಯ ಗುರುತೆಂದು ತಿಳಿಯುವುದು ರೂಢಿ. ಆ ತಿಳಿವಳಿಕೆ ಬದಲಾಗಬೇಕೆಂದು ನಾನು ಬಹಳವಾಗಿ ಬಯಸುತ್ತೇನೆ. ಗೊರಕೆ ಇದ್ದಕ್ಕಿದ್ದಂತೆ ನಿಂತು, ಕೆಲವು ಸೆಕೆಂಡು ನಿಶ್ಶಬ್ದವಾಗಿ, ಆಮೇಲೆ ಏದುಸಿರು ಬಿಟ್ಟು ಮತ್ತೆ ಶುರುವಾಗುತ್ತಿದ್ದರೆ ಅದು ಸ್ಲೀಪ್ ಅಪ್ನಿಯ ಇರಬಹುದು. ಇದನ್ನು ಮಲಗಿದವರು ಹೇಳಲಾರರು, ಪಕ್ಕದಲ್ಲಿ ಎಚ್ಚರವಾಗಿರುವವರೇ ಹೇಳಬೇಕು. ಆದ್ದರಿಂದ ಈ ಭೇಟಿಗೆ ಗಂಡನೋ ಹೆಂಡತಿಯೋ ತಾಯಿಯೋ ಜೊತೆಗೆ ಬರುವುದು ಒಳ್ಳೆಯದು.

ಮೊದಲು 8 ಪ್ರಶ್ನೆಗಳ ಸ್ಟಾಪ್-ಬ್ಯಾಂಗ್ ಎಂಬ ನಮೂನೆ ತುಂಬಿಸುತ್ತಾರೆ. ಗೊರಕೆ, ಹಗಲಿನ ಆಯಾಸ, ಉಸಿರು ನಿಂತದ್ದನ್ನು ಯಾರಾದರೂ ಕಂಡಿರುವುದು, ಬಿಪಿ, ಬಿಎಂಐ, ವಯಸ್ಸು, ಕತ್ತಿನ ಸುತ್ತಳತೆ, ಗಂಡೋ ಹೆಣ್ಣೋ ಎಂಬುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಂಶಯ ಬಲವಾದರೆ ಒಂದು ರಾತ್ರಿಯ ನಿದ್ರೆ ಪರೀಕ್ಷೆ ಮಾಡುತ್ತಾರೆ. ಹಲವರಿಗೆ ಇದನ್ನು ಮನೆಯಲ್ಲೇ ಯಂತ್ರ ಕಟ್ಟಿಕೊಂಡು ಮಾಡಬಹುದು. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಕ್ಷೀಣಿಸುತ್ತದೆ ಎಂಬ ಎಣಿಕೆ 5ರಿಂದ 15ರೊಳಗಿದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ತೀವ್ರವಾಗಿದ್ದರೆ, ಮುಖವಾಡದ ಮೂಲಕ ಗಾಳಿ ಒತ್ತಿ ಉಸಿರಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮುಂಚಿನಿಂದಲೇ ರಾತ್ರಿ ಹಾಕಿಕೊಳ್ಳಲು ಹೇಳುತ್ತಾರೆ. ಮೊದಲ ದಿನಗಳಲ್ಲಿ ಮುಖವಾಡ ಉಸಿರು ಕಟ್ಟಿಸಿದಂತೆ ಅನಿಸಿ ಅನೇಕರು ಕಿತ್ತೆಸೆಯುತ್ತಾರೆ. ಮುಖಕ್ಕೆ ಹೊಂದುವ ಅಳತೆಯದನ್ನು ಕೇಳಿ ಬದಲಿಸಿಕೊಳ್ಳಿ, ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ಅಭ್ಯಾಸ ಮಾಡಿ. ಅರಿವಳಿಕೆ ಮತ್ತು ನೋವಿನ ಔಷಧಿಗಳ ಮಂಪರು ಇಳಿಯುವ ಆ ಮೊದಲ ರಾತ್ರಿ ಆಸ್ಪತ್ರೆಯಲ್ಲಿ ಇದೇ ಯಂತ್ರ ನಿಮ್ಮ ಉಸಿರನ್ನು ಕಾಯುತ್ತದೆ. ಶಸ್ತ್ರಚಿಕಿತ್ಸೆಗೆ ದಾಖಲಾಗುವಾಗ ಅದನ್ನು ಮನೆಯಲ್ಲಿ ಮರೆತು ಬರಬೇಡಿ.

ಆಸ್ತಮಾ ಇರುವವರಿಗೆ, ಧೂಮಪಾನ ಮಾಡುವವರಿಗೆ ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಇರುತ್ತದೆ.

ಮನೋತಜ್ಞರ ಬಳಿ ಏಕೆ ಕಳುಹಿಸುತ್ತಾರೆ? ನನಗೇನೂ ಮಾನಸಿಕ ತೊಂದರೆ ಇಲ್ಲ.

ನಿಮ್ಹಾನ್ಸ್‌ನಂಥ ಸಂಸ್ಥೆ ಇರುವ ಊರಿನಲ್ಲೇ ಮನೋತಜ್ಞರ ಹೆಸರು ಕೇಳಿದರೆ ಜನ ಹಿಂಜರಿಯುವುದು ನೋವಿನ ಸಂಗತಿ. ಈ ಭೇಟಿಯಲ್ಲಿ ಅವರು ತಿಳಿಯಲು ಬಯಸುವುದು ಇಷ್ಟು: ಬೇಸರವಾದಾಗ, ಒಬ್ಬಂಟಿಯಾಗಿದ್ದಾಗ ಹಸಿವಿಲ್ಲದೆಯೂ ತಿನ್ನುತ್ತೀರಾ, ಒಮ್ಮೆ ಶುರುಮಾಡಿದರೆ ನಿಲ್ಲಿಸಲಾಗದ ಅನುಭವ ಇದೆಯೇ, ಖಿನ್ನತೆಗೆ ಔಷಧಿ ತೆಗೆದುಕೊಂಡಿದ್ದೀರಾ, ಮದ್ಯ ಎಷ್ಟು, ಮನೆಯಲ್ಲಿ ಯಾರ ಬೆಂಬಲವಿದೆ. ಶಸ್ತ್ರಚಿಕಿತ್ಸೆಯ ನಂತರ ಊಟದಿಂದ ಸಿಗುತ್ತಿದ್ದ ಸಮಾಧಾನ ಹಠಾತ್ತನೆ ಇಲ್ಲವಾಗುತ್ತದೆ. ಕೆಲವರಲ್ಲಿ ಆ ಜಾಗವನ್ನು ಖಿನ್ನತೆ ಅಥವಾ ಕುಡಿತ ತುಂಬುತ್ತದೆ. ಬೈಪಾಸ್ ಆದವರಲ್ಲಿ ಮದ್ಯ ಬೇಗ ರಕ್ತಕ್ಕೆ ಸೇರಿ ಹೆಚ್ಚು ಅಮಲು ಕೊಡುತ್ತದೆ ಎಂಬುದೂ ನೆನಪಿರಲಿ. ಮಾನಸಿಕ ಕಾಯಿಲೆಗೆ ಈಗಾಗಲೇ ಗುಳಿಗೆ ನುಂಗುತ್ತಿರುವವರಲ್ಲಿ, ವಿಶೇಷವಾಗಿ ಲಿಥಿಯಂ ತೆಗೆದುಕೊಳ್ಳುವವರಲ್ಲಿ, ರಕ್ತದಲ್ಲಿನ ಔಷಧಿಯ ಮಟ್ಟ ಬದಲಾಗುವುದರಿಂದ ಅದಕ್ಕೊಂದು ಯೋಜನೆ ಮೊದಲೇ ಆಗಬೇಕು.

ಇದರಲ್ಲಿ ಪಾಸು-ಫೇಲು ಎಂಬುದಿಲ್ಲ. ಚಿಕಿತ್ಸೆ ಬೇಕಿದ್ದರೆ ಅದನ್ನು ಮೊದಲು ಕೊಡುತ್ತಾರೆ, ಬಳಿಕ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಸಿಗುವುದೇ ಹೆಚ್ಚು. ಸುಳ್ಳು ಹೇಳಿ ಬೇಗ ಒಪ್ಪಿಗೆ ಪಡೆದವರಿಗೆ ನಂತರ ಬೇಕಾದ ಆಸರೆ ಸಿಗದೆ ಹೋಗುತ್ತದೆ.

ಡಯಟೀಷಿಯನ್ ನನ್ನ ಈಗಿನ ಊಟವನ್ನು ಬರೆದು ತರಲು ಹೇಳಿದ್ದಾರೆ. ಎಲ್ಲವನ್ನೂ ಬರೆಯಬೇಕೇ?

ಎಲ್ಲವನ್ನೂ ಬರೆಯಿರಿ. ಬೆಳಿಗ್ಗೆ ದರ್ಶಿನಿಯಲ್ಲಿ ನಿಂತುಕೊಂಡೇ ಹತ್ತು ನಿಮಿಷದಲ್ಲಿ ಮುಗಿಸುವ ಚೌಚೌ ಬಾತ್, ಕಚೇರಿಯಲ್ಲಿ ದಿನಕ್ಕೆ ನಾಲ್ಕು ಸಲದ ಸಕ್ಕರೆ ಹಾಕಿದ ಕಾಫಿ, ರಾತ್ರಿ ಹತ್ತೂವರೆಗೆ ಮೊಬೈಲಿನಲ್ಲಿ ತರಿಸಿಕೊಂಡ ಬಿರಿಯಾನಿ, ಭಾನುವಾರ ಅಜ್ಜಿಯ ಮನೆಯ ಒಬ್ಬಟ್ಟು ಎಲ್ಲವೂ ಅದರಲ್ಲಿರಲಿ. ಡಯಟೀಷಿಯನ್ ನಿಮ್ಮನ್ನು ಬೈಯಲು ಕುಳಿತಿರುವುದಿಲ್ಲ. ನೀವು ವೇಗವಾಗಿ ತಿನ್ನುವವರೇ, ಊಟದ ಮಧ್ಯೆ ನೀರು ಕುಡಿಯುವವರೇ, ಸಿಹಿ ಪಾನೀಯದ ಅಭ್ಯಾಸವಿದೆಯೇ ಎಂಬುದು ಅವರಿಗೆ ತಿಳಿಯಬೇಕು, ಏಕೆಂದರೆ ಶಸ್ತ್ರಚಿಕಿತ್ಸೆಯ ನಂತರ ತುತ್ತನ್ನು ನುಣ್ಣಗೆ ಅಗಿದು ನಿಧಾನವಾಗಿ ತಿನ್ನಬೇಕು ಮತ್ತು ಊಟದ ಜೊತೆ ನೀರು ಕುಡಿಯಬಾರದು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. ಅನ್ನ-ಸಾರು, ಮುದ್ದೆ-ಬಸ್ಸಾರಿನ ನಮ್ಮ ಊಟದಲ್ಲಿ, ಅದರಲ್ಲೂ ಮೊಟ್ಟೆ ತಿನ್ನದವರಲ್ಲಿ, ಅಷ್ಟು ಸುಲಭವಾಗಿ ಸಿಗುವುದಿಲ್ಲ. ಕಾಳು, ಮೊಸರು, ಪನೀರ್, ಸೋಯಾ ಮತ್ತು ಅಗತ್ಯವಿದ್ದರೆ ಪ್ರೋಟೀನ್ ಪುಡಿಯನ್ನು ಹೇಗೆ ಸೇರಿಸಬೇಕೆಂದು ಈಗಲೇ ಕಲಿಯುವುದು ಲೇಸು.

ಶಸ್ತ್ರಚಿಕಿತ್ಸೆಗೆ ಸುಮಾರು ಎರಡು ವಾರ ಮುಂಚಿನಿಂದ ಕಡಿಮೆ ಕ್ಯಾಲೊರಿಯ ಪಥ್ಯ ಹೇಳುತ್ತಾರೆ. ಕೊಬ್ಬು ತುಂಬಿ ಉಬ್ಬಿದ ಯಕೃತ್ತಿನ ಎಡಭಾಗ ಜಠರದ ಮೇಲೆ ಹೊದ್ದುಕೊಂಡಂತಿರುತ್ತದೆ. ಪಥ್ಯದಿಂದ ಅದು ಕುಗ್ಗಿದರೆ ಶಸ್ತ್ರವೈದ್ಯರಿಗೆ ಜಾಗ ಸಿಗುತ್ತದೆ. ಆ ಅವಧಿಯಲ್ಲಿ ಶುಗರ್ ಮತ್ತು ಬಿಪಿ ಇಳಿಯುವುದರಿಂದ ಇನ್ಸುಲಿನ್ ಹಾಗೂ ಗುಳಿಗೆಗಳ ಪ್ರಮಾಣವನ್ನು ವೈದ್ಯರ ಸಲಹೆಯಂತೆ ಕಡಿಮೆ ಮಾಡಬೇಕಾಗುತ್ತದೆ.

ಹೆಂಗಸರಿಗೆ ಪ್ರತ್ಯೇಕವಾಗಿ ಏನಾದರೂ ಇದೆಯೇ?

ಗರ್ಭ ಪರೀಕ್ಷೆ ಕಡ್ಡಾಯವಾಗಿ ಇರುತ್ತದೆ. ಪಿಸಿಓಎಸ್ (ಹಾರ್ಮೋನು ಏರುಪೇರಿನ ಅಂಡಾಶಯದ ತೊಂದರೆ) ಇದ್ದು ಮುಟ್ಟು ತಪ್ಪುತ್ತಿದ್ದವರಲ್ಲಿ ತೂಕ ಇಳಿದಂತೆ ಗರ್ಭ ಕಟ್ಟುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭ ಧರಿಸಬಾರದೆಂದು ಸಲಹೆ ನೀಡುತ್ತಾರೆ. ಗರ್ಭನಿರೋಧಕ ಗುಳಿಗೆಗಳಲ್ಲಿರುವ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ, ಬೈಪಾಸ್ ನಂತರ ಆ ಗುಳಿಗೆಗಳನ್ನು ಪೂರ್ತಿ ನಂಬುವಂತೆಯೂ ಇಲ್ಲ. ಹೀಗಾಗಿ ಸ್ತ್ರೀರೋಗ ತಜ್ಞರೊಂದಿಗೆ ಬೇರೆ ವಿಧಾನದ ಬಗ್ಗೆ ಮುಂಚೆಯೇ ಮಾತಾಡಿ. ಅತ್ತೆಮನೆಯಿಂದ ಮಗುವಿಗಾಗಿ ಒತ್ತಡವಿದ್ದರೆ ಗಂಡನನ್ನೂ ಆ ಮಾತುಕತೆಗೆ ಕರೆದೊಯ್ಯಿರಿ.

ಈಗ ತೆಗೆದುಕೊಳ್ಳುತ್ತಿರುವ ಗುಳಿಗೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು?

ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ಆದರೆ ಯಾವುದನ್ನೂ ಮುಚ್ಚಿಡಬೇಡಿ. ಗುಳಿಗೆಯ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ಸಾಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಶುಗರ್ ಗುಳಿಗೆಗಳನ್ನು ಕನಿಷ್ಠ 3 ದಿನ ಮುಂಚೆ ನಿಲ್ಲಿಸಬೇಕು. ಕಡಿಮೆ ಆಹಾರದ ಪಥ್ಯದಲ್ಲಿರುವಾಗ ಇವುಗಳಿಂದ, ಗ್ಲುಕೋಮೀಟರಿನಲ್ಲಿ ಶುಗರ್ ಹೆಚ್ಚು ತೋರದಿದ್ದರೂ, ರಕ್ತ ಆಮ್ಲೀಯವಾಗುವ ಅಪಾಯವಿದೆ. ಆದ್ದರಿಂದ ಪಥ್ಯ ಶುರುವಾಗುವ ದಿನವೇ ಈ ಬಗ್ಗೆ ಕೇಳಿ. ಶುಗರ್ ಮತ್ತು ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್‌ಗಳು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ, ಅರಿವಳಿಕೆ ತಜ್ಞರಿಗೆ ಇದು ಗೊತ್ತಿರಲೇಬೇಕು. ನಾಟಿ ಔಷಧಿ, ಆಯುರ್ವೇದದ ಲೇಹ್ಯ, ಜಿಮ್‌ನಲ್ಲಿ ಕೊಟ್ಟ ಪುಡಿ ಇವುಗಳೂ ಲೆಕ್ಕಕ್ಕೆ ಬರುತ್ತವೆ.

ಸಿಗರೇಟನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ 6 ವಾರ ಮುಂಚೆಯೇ ಬಿಟ್ಟಿರಬೇಕು. ಸೇದುವವರಲ್ಲಿ ಕರುಳಿನ ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಸಾಧ್ಯತೆ ಹೆಚ್ಚು.

ವಿಮೆಯಲ್ಲಿ ಈ ಶಸ್ತ್ರಚಿಕಿತ್ಸೆ ಬರುತ್ತದೆಯೇ?

ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಏಕರೂಪಗೊಳಿಸಿದ ನಿಯಮಗಳ ಪ್ರಕಾರ, ವೈದ್ಯರ ಸಲಹೆ ಇದ್ದು, ವಯಸ್ಸು 18 ತುಂಬಿ, ಬಿಎಂಐ 40 ಅಥವಾ ಮೇಲಿದ್ದರೆ, ಇಲ್ಲವೇ 35 ಅಥವಾ ಮೇಲಿದ್ದು ಹೃದ್ರೋಗ, ತೀವ್ರ ಸ್ಲೀಪ್ ಅಪ್ನಿಯ, ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದು ಇತರ ಪ್ರಯತ್ನಗಳು ಫಲಿಸದಿದ್ದರೆ, ಸ್ಥೂಲಕಾಯದ ಚಿಕಿತ್ಸೆ ಎಂಬ ಕಾರಣಕ್ಕೆ ಹೊರಗಿಡುವಂತಿಲ್ಲ. ವೈದ್ಯಕೀಯ ಮಾನದಂಡ 2022ರಲ್ಲಿ ಸಡಿಲಗೊಂಡರೂ ವಿಮೆಯ ಈ ಅಳತೆ ಹೆಚ್ಚು ಬಿಗಿಯಾಗಿದೆ ಎಂಬುದನ್ನು ಗಮನಿಸಿ. ನಿದ್ರೆ ಪರೀಕ್ಷೆ, ಎಚ್‌ಬಿಎ1ಸಿ, ಹಳೆಯ ಪಥ್ಯದ ದಾಖಲೆಗಳು ಇಲ್ಲಿ ಸಾಕ್ಷಿಯಾಗುತ್ತವೆ. ಕಾಯುವ ಅವಧಿ ಪಾಲಿಸಿಯಿಂದ ಪಾಲಿಸಿಗೆ ಬೇರೆ, ಮೊದಲೇ ಓದಿಕೊಳ್ಳಿ.

ಇಷ್ಟೆಲ್ಲ ಮುಗಿಯಲು ಎಷ್ಟು ದಿನ ಬೇಕು? ಬೆಂಗಳೂರಿನಲ್ಲಿ ಓಡಾಡುವುದೇ ಒಂದು ಕೆಲಸ.

ಯಾವ ತೊಂದರೆಯೂ ಇಲ್ಲದವರಿಗೆ ಎರಡು-ಮೂರು ವಾರ ಸಾಕಾಗಬಹುದು. ಎಚ್. ಪೈಲೋರಿ, ಹತೋಟಿಯಲ್ಲಿಲ್ಲದ ಶುಗರ್, ಸ್ಲೀಪ್ ಅಪ್ನಿಯ ಇವುಗಳಲ್ಲಿ ಒಂದಿದ್ದರೂ ಎರಡು-ಮೂರು ತಿಂಗಳಾಗುವುದುಂಟು. ರಕ್ತ ಕೊಡುವ ದಿನವೇ ಸ್ಕ್ಯಾನಿಂಗ್, ಇಸಿಜಿ ಹೊಂದಿಸಿಕೊಂಡರೆ ಖಾಲಿ ಹೊಟ್ಟೆಯಲ್ಲಿ ಒಂದೇ ಬೆಳಿಗ್ಗೆ ಮುಗಿಯುತ್ತದೆ. ಬನಶಂಕರಿಯಲ್ಲಿರುವವರು ಒಬ್ಬೊಬ್ಬ ತಜ್ಞರಿಗಾಗಿ ಹೆಬ್ಬಾಳಕ್ಕೂ ವೈಟ್‌ಫೀಲ್ಡಿಗೂ ಅಲೆಯಬೇಕಿಲ್ಲ, ಮನೆಗೆ ಹತ್ತಿರದ ತಜ್ಞರ ವರದಿಯನ್ನು ಒಪ್ಪುತ್ತೀರಾ ಎಂದು ಶಸ್ತ್ರವೈದ್ಯರನ್ನೇ ಮೊದಲು ಕೇಳಿಕೊಳ್ಳಿ. ಎಲ್ಲ ವರದಿಗಳೂ ಒಂದೇ ಕಡತದಲ್ಲಿರಲಿ, ಮೊಬೈಲಿನಲ್ಲೂ ಫೋಟೊ ಇರಲಿ.

ಕೊನೆಯ ಭೇಟಿ ಅರಿವಳಿಕೆ ತಜ್ಞರದು ಎಂದರು. ಅವರು ದಿನಾಂಕ ಮುಂದೂಡಿದರೆ?

ಅವರು ಎಲ್ಲ ವರದಿಗಳನ್ನೂ ಒಟ್ಟಿಗೆ ಓದುತ್ತಾರೆ, ಬಾಯಿ ಅಗಲಿಸಿ ನೋಡುತ್ತಾರೆ, ಕತ್ತು ಹಿಂದಕ್ಕೆ ಎಷ್ಟು ಬಾಗುತ್ತದೆಂದು ಪರೀಕ್ಷಿಸುತ್ತಾರೆ, ಅಲುಗಾಡುವ ಹಲ್ಲು, ಹಿಂದಿನ ಶಸ್ತ್ರಚಿಕಿತ್ಸೆ, ಅಲರ್ಜಿಗಳ ಬಗ್ಗೆ ಕೇಳುತ್ತಾರೆ. ಕಾಲಿನಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಅವರಿಗೆ ಖಂಡಿತ ಹೇಳಬೇಕು. ಜ್ವರ, ಕಫ ಬರುವ ಕೆಮ್ಮು, ಹೊಸದಾಗಿ ಏರಿದ ಬಿಪಿ ಕಂಡರೆ ಅವರು ಕೆಲವು ವಾರ ಕಾಯಲು ಹೇಳಬಹುದು. ರಜೆ ಹಾಕಿ, ಊರಿನಿಂದ ಅಮ್ಮನನ್ನು ಕರೆಸಿಕೊಂಡು, ಪಥ್ಯವನ್ನೂ ಮುಗಿಸಿ ಸಿದ್ಧರಾಗಿದ್ದಾಗ ಇದು ಬಹಳ ಬೇಸರ ತರುತ್ತದೆ. ಆ ಬೇಸರ ಸಹಜ. ಆದರೆ ತುರ್ತಿಲ್ಲದ ಈ ಶಸ್ತ್ರಚಿಕಿತ್ಸೆಗೆ ಮೂರು ವಾರ ತಡವಾದರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಮುಂದೂಡಿದ ದಿನವೇ ಮೂರು ವಿಷಯ ಕೇಳಿ ಬರೆದುಕೊಳ್ಳಿ: ಏನು ಸರಿಯಾಗಬೇಕು, ಯಾವ ಪರೀಕ್ಷೆ ಮತ್ತೆ ಮಾಡಿಸಬೇಕು, ಪಥ್ಯವನ್ನು ಮುಂದುವರಿಸಬೇಕೇ ನಿಲ್ಲಿಸಬೇಕೇ.